ಡಬ್ಬಿಯ ಮೇಲಿನ ವೇಗ

ಕಸ್ತೂರಿ ಅವನನ್ನು ಕೇಳಿದ ಮೊದಲ ಪ್ರಶ್ನೆ, "ಮುಂಜಾನೆ ಏನು ನಾಷ್ಟಾ ಮಾಡೀರಿ?"

ಫಕೀರೇಶ ಹೊಂಬಳ ಹುಬ್ಬಳ್ಳಿಯ ನರಸ್ಮೃತಿ ಕೇಂದ್ರದ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತ ಬಹಳ ಹೊತ್ತು ಹುಡುಕಿದ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬಂದ ಮೆದುಳುಜ್ವರ ಅವನ ಜೀವ ಉಳಿಸಿ ಹೋಗಿತ್ತು, ಹೊಸ ನೆನಪು ಕಟ್ಟುವ ಶಕ್ತಿಯನ್ನು ಮಾತ್ರ ಸುಟ್ಟುಹಾಕಿತ್ತು. ಜ್ವರಕ್ಕಿಂತ ಹಿಂದಿನದೆಲ್ಲ ನೆಟ್ಟಗೆ ನೆನಪಿತ್ತು. ಆಮೇಲಿನದು ತೂತಿನ ಕೊಡದಲ್ಲಿ ನೀರು ತುಂಬಿದಂತೆ, ನಿಮಿಷದಲ್ಲಿ ಖಾಲಿ. ಅಂಥವರಿಗಾಗಿಯೇ ಆಗ ನೆನಪಿನ ಪಟ್ಟಿಗಳು ಬಂದಿದ್ದವು. ಕಿವಿಯ ಹಿಂದೆ, ಚರ್ಮದ ಕೆಳಗೆ, ವೈದ್ಯರು 'ತೊಟ್ಟಿಲು' ಎನ್ನುತ್ತಿದ್ದ ಒಂದು ಸಣ್ಣ ಗೂಡು. ಅದರಲ್ಲಿ ಉಗುರಿನಷ್ಟಗಲದ ಎರಡು ಪಟ್ಟಿ. ಅಲ್ಲಿಂದ ಮೆದುಳಿಗೆ ಕೂದಲಿಗಿಂತ ತೆಳ್ಳನೆಯ ಎಳೆಗಳು. ಕಂಡದ್ದು, ಕೇಳಿದ್ದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಬೇಕಾದಾಗ ಮೆದುಳು ಅಲ್ಲಿಂದ ಓದಿಕೊಳ್ಳುತ್ತದೆ.

"ಉಪ್ಪಿಟ್ಟು," ಎಂದ ಫಕೀರೇಶ ಕೊನೆಗೆ.

ಕಸ್ತೂರಿ ಆ ಕೇಂದ್ರದ ಟೆಕ್ನಿಶಿಯನ್. ಮೇಜಿನ ಮೇಲಿದ್ದ ಪಟ್ಟಿಯ ಡಬ್ಬಿಯನ್ನು ತಿರುಗಿಸಿ ನೋಡಿದಳು. "ಡಬ್ಬಿ ಮ್ಯಾಲೆ ವೇಗ ಆರು ಸಾವಿರ ಅಂತ ಬರದಾರ. ನಿಮ್ದು ಅದರ ಅರ್ಧದಾಗೂ ಓಡವಲ್ದು. ಕಂಪನಿಯವರು ಕಡಿಮಿ ವೇಗಕ್ಕ ಇಟ್ಟ ಕಳಸ್ತಾರ್ರಿ, ಯಾರ ತೊಟ್ಟಿಲಕ್ಕೂ ಒಗ್ಗಲಿ ಅಂತ. ಬರದಿದ್ದ ವೇಗ ಬೇಕಂದ್ರ ನಾವ ಒಳಗ ಹೋಗಿ ಚಾಲೂ ಮಾಡಬೇಕು." ಪರದೆಯ ಮೇಲೆ ಏನೋ ಒತ್ತಿದಳು. ಫಕೀರೇಶನಿಗೆ ಕಿವಿಯ ಹಿಂದೆ ಬೆಚ್ಚಗಾಯಿತು. "ಈಗ ಹೇಳ್ರಿ. ಏನು ತಿಂದ್ರಿ?"

"ಉಪ್ಪಿಟ್ಟು. ಉಪ್ಪ ಭಾಳ ಕಮ್ಮಿ ಇತ್ರಿ."

ಅವಳು ತಲೆ ಹಿಂದೆ ಚೆಲ್ಲಿ ನಕ್ಕಳು. ಜ್ವರದ ನಂತರ ಫಕೀರೇಶ ತಡವಿಲ್ಲದೆ, ಮಸುಕಿಲ್ಲದೆ ಉಳಿಸಿಕೊಂಡ ಮೊದಲ ಚಿತ್ರ ಅದು. ಎರಡು ವರ್ಷ ತಪಾಸಣೆಗೆಂದು ಹೋದ. ಮೂರನೆಯ ವರ್ಷ ಅವಳನ್ನೇ ಮದುವೆಯಾಗಿ ಗದಗಿಗೆ ಕರೆದುಕೊಂಡು ಬಂದ. ಅವಳು ಅಲ್ಲಿಂದಲೇ ದಿನಾ ಹುಬ್ಬಳ್ಳಿಯ ಡ್ಯೂಟಿಗೆ ಹೋಗಿಬರುತ್ತಿದ್ದಳು.

ಹೀಗೆ ಕಸ್ತೂರಿ ಅವನಿಗೆ ಪೂರ್ತಿಯಾಗಿ ಪಟ್ಟಿಯಲ್ಲೇ ಇದ್ದವಳು. ಬೇರೆ ಗಂಡಂದಿರಿಗೆ ಹೆಂಡತಿ ಮೆದುಳಿನಲ್ಲಿ ಎಲ್ಲಿರುತ್ತಾಳೋ ಯಾರಿಗೂ ಗೊತ್ತಿಲ್ಲ. ಫಕೀರೇಶ ಮಾತ್ರ ಎಡಗಿವಿಯ ಹಿಂದೆ ಬೆರಳಿಟ್ಟು "ಇಲ್ಲೇ ಅದಾಳ ನೋಡು" ಎಂದು ತೋರಿಸಬಹುದಿತ್ತು. ತೋರಿಸಿ ನಗುತ್ತಿದ್ದ ಕೂಡ.

ಮಗಳು ಇಂಪನಾಗೆ ನಾಲ್ಕು ತುಂಬಿದ ವರ್ಷ ಕಸ್ತೂರಿ ಡೆಂಗೀ ಜ್ವರದಲ್ಲಿ ತೀರಿಕೊಂಡಳು. ಅದೇ ಹೊತ್ತಿಗೆ ಮೊದಲ ಜೋಡಿ ಪಟ್ಟಿ ತುಂಬಿ ಬಂದಿತ್ತು. ಹೆಂಡತಿಯ ತಿಂಗಳ ಪೂಜೆ ಮುಗಿದ ವಾರ ಫಕೀರೇಶ ಹುಬ್ಬಳ್ಳಿಗೆ ಹೋಗಿ ತೊಟ್ಟಿಲಿನ ಉಳಿದೆರಡು ಜಾಗಕ್ಕೆ ಇನ್ನೊಂದು ಜೋಡಿ ಹಾಕಿಸಿಕೊಂಡು ಬಂದ. ಅಂದಿನಿಂದ ಅವನ ಮಾತು ನಿಧಾನವಾಯಿತು. ದುಃಖಕ್ಕೆ ಹೀಗಾಗಿದ್ದಾನೆ, ವರ್ಷ ಕಳೆದರೆ ಸರಿಹೋದಾನು ಎಂದುಕೊಂಡರು ಎಲ್ಲರೂ. ಅವನೂ ಹಾಗೇ ಅಂದುಕೊಂಡಿದ್ದ.

ಬೆಟಗೇರಿಯಲ್ಲಿದ್ದ ಅಕ್ಕ ನೀಲವ್ವ ತಮ್ಮನ ಸಂಸಾರ ನೋಡಿಕೊಳ್ಳಲು ಬಂದು ಸೇರಿದಳು. ಗಂಡ ತೀರಿಹೋದ, ಮಕ್ಕಳಿಲ್ಲದ ಹೆಂಗಸು. ಸೀರೆ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಅದನ್ನೂ ಜೊತೆಗೇ ತಂದಳು.

ಮನೆಯಲ್ಲಿ ತಮ್ಮನ ನಿಧಾನಕ್ಕೆ ಎಲ್ಲರೂ ಒಗ್ಗಿಕೊಂಡರು. "ಇವತ್ತ ಪಲ್ಯ ಯಾವುದು ಮಾಡ್ಲಿ?" ಎಂದು ಕೇಳಿ, ನೀಲವ್ವ ಉತ್ತರಕ್ಕೆ ಕಾಯದೆ ಬದನೆಕಾಯಿ ಹೆಚ್ಚತೊಡಗುತ್ತಿದ್ದಳು. ಇಂಪನಾ ಮೊದಮೊದಲು ಶಾಲೆಯಿಂದ ಓಡಿಬಂದು "ಅಪ್ಪಾ, ನಿನ್ನೆ ನಾ ಹೇಳಿದ ಹುಡುಗಿ ಹೆಸರೇನು, ಹೇಳ ನೋಡೋಣು" ಎಂದು ಸವಾಲು ಹಾಕುತ್ತಿದ್ದಳು. ಅಪ್ಪನ ಕಣ್ಣು ದೂರ ಹೋಗುತ್ತಿತ್ತು. ಅದು ತಿರುಗಿ ಬಂದು ತುಟಿ ಅಲುಗಾಡುವ ಹೊತ್ತಿಗೆ ಮಗಳು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿರುತ್ತಿದ್ದಳು. ಖಾಲಿ ಪಡಸಾಲೆಗೆ ಅವನು "ಜೋಯಾ" ಎನ್ನುತ್ತಿದ್ದ.

ಮಗು ಬುದ್ಧಿವಂತೆ. ಅಪ್ಪನ ಬಾಲ್ಯ ಕೇಳಿದರೆ ಉತ್ತರ ತಟ್ಟನೆ ಬರುತ್ತದೆ ಎಂಬುದನ್ನು ಕಂಡುಕೊಂಡಳು. ಅದು ಅವನ ಸ್ವಂತ ಮೆದುಳಿನಲ್ಲಿದ್ದದ್ದು. ಮಾಸ್ತರರ ಛತ್ರಿ ಕದ್ದದ್ದು, ಹೊಂಬಳದ ಹಳ್ಳದಲ್ಲಿ ಏಡಿ ಹಿಡಿದದ್ದು ಎಷ್ಟು ಸಲ ಕೇಳಿದರೂ ಚಕಚಕನೆ ಹೇಳುತ್ತಿದ್ದ. ಆದರೆ ಕೇಳಿದ್ದನ್ನೇ ಎಷ್ಟು ದಿನ ಕೇಳಿಯಾಳು? ಕ್ರಮೇಣ ಅವಳ ಮಾತೆಲ್ಲ ಅತ್ತೆಯ ಕಡೆ ತಿರುಗಿತು. ಒಂದು ದಿನ ಬಾಗಿಲಲ್ಲಿ ನಿಂತ ಗೆಳತಿ, "ನಿಮ್ಮಪ್ಪ ಫೋನಿನಂಗ ಹ್ಯಾಂಗ್ ಆಗ್ಯಾನೇನs?" ಎಂದು ಕೇಳಿದಳು. ಇಂಪನಾ ನಕ್ಕಳು. ಒಳಗೆ ಕೂತಿದ್ದ ಫಕೀರೇಶನಿಗೆ ಎರಡೂ ಕೇಳಿಸಿತು. ಕೇಳಿಸುವುದರಲ್ಲಿ ಅವನಿಗೆ ತಡವೇನೂ ಇರಲಿಲ್ಲ.

ಫಕೀರೇಶನ ನೌಕರಿ ಗುಡ್ಡದ ಗಾಳಿಯಂತ್ರಗಳ ಕಂಟ್ರೋಲ್ ರೂಮಿನಲ್ಲಿ. ಪರದೆಯ ಮೇಲೆ ಯಾವ ಯಂತ್ರ ತಿರುಗುತ್ತಿದೆ, ಯಾವುದು ನಿಂತಿದೆ ನೋಡುತ್ತ, ಮೇಲೆ ಹತ್ತಿದ ಕೆಲಸಗಾರರ ಜೊತೆ ವಾಕಿಟಾಕಿಯಲ್ಲಿ ಮಾತಾಡುವ ಕೆಲಸ. ಪರದೆ ನೋಡಿ ಹೇಳುವುದಕ್ಕೆ ನೆನಪು ಬೇಕಿಲ್ಲ, ಹಾಗಾಗಿ ನಡೆದುಕೊಂಡು ಹೋಗಿತ್ತು. ಆಷಾಢದ ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಪರದೆ ಕೆಟ್ಟಿತು. ಆಗಲೇ ಮೇಲಿನಿಂದ ದಾವಲಸಾಬ ಕೂಗಿದ. ದಾವಲಸಾಬ ನದಾಫ್ ಹತ್ತು ವರ್ಷದಿಂದ ಅವನ ಜೊತೆಗಾರ.

"ಫಕೀರೇಶಣ್ಣಾ, ಹದಿನೇಳನೇ ಯಂತ್ರದ ಬ್ರೇಕ್ ಹಾಕಿಯೇನು? ಕೈ ಹಾಕ್ಲಿ?"

ಬೆಳಿಗ್ಗೆ ಹಾಕಿದ್ದು ಹದಿನೇಳಕ್ಕೋ ಹದಿನಾರಕ್ಕೋ? ಫಕೀರೇಶ ಹುಡುಕಿದ. ಬೆಳಗು ಬಂತು, ಚಹಾ ಬಂತು, ತನ್ನ ಕೈ ಬಂತು, ಕೈ ಒತ್ತಿದ ಗುಂಡಿ ಬಂತು. ಹದಿನಾರು.

"ಇಲ್ಲಾ! ಹಾಕಬ್ಯಾಡ!"

ಅಷ್ಟು ಹೊತ್ತು ಸುಮ್ಮನಿದ್ದುದನ್ನು ಒಪ್ಪಿಗೆ ಎಂದುಕೊಂಡು ದಾವಲಸಾಬ ಕೈ ಹಾಕಿಯಾಗಿತ್ತು. ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಫಕೀರೇಶ ಅವನ ಮುಂದೆ ಬಂದು ಕೂತಾಗ ದಾವಲಸಾಬನೇ ಅಂದ, "ಅಣ್ಣಾ, ತಪ್ಪ ನಂದೂ ಐತಿ, ನಾ ಕಾಯಬೇಕಿತ್ತು. ಆದ್ರ ಒಂದ ಮಾತು. ಕಾಯೂ ಮಂದಿ ಎಲ್ಲಿ ಸಿಗ್ತಾರ ನಿನಗ? ತೋರಿಸ್ಕೋ ಹೋಗು."

ಫಕೀರೇಶ ಕಂಟ್ರೋಲ್ ರೂಮು ಬಿಟ್ಟು ಸ್ಟೋರಿಗೆ ವರ್ಗ ಕೇಳಿಕೊಂಡ. ಅಕ್ಕನನ್ನು ಕರೆದುಕೊಂಡು ಹುಬ್ಬಳ್ಳಿಗೂ ಹೋದ.

ಕಸ್ತೂರಿ ಕೂರುತ್ತಿದ್ದ ಕೋಣೆಯಲ್ಲಿ ಈಗ ಡಾಕ್ಟರ್ ವಸುಧಾ ಬಂಕಾಪುರ ಇದ್ದರು. ತೊಟ್ಟಿಲನ್ನು ತಪಾಸಣೆ ಮಾಡಿ ಪರದೆಯನ್ನು ಅವನ ಕಡೆ ತಿರುಗಿಸಿದರು.

"ಹೊಂಬಳ ಅವರೇ, ಪಟ್ಟಿ ಕೆಟ್ಟಿಲ್ಲ. ಡಬ್ಬಿ ಮ್ಯಾಲೆ ಬರದದ್ದು ಸುಳ್ಳೂ ಅಲ್ಲ. ಆದ್ರ ಆ ವೇಗ ಎರಡ ಪಟ್ಟಿಗೆ ಹೇಳಿದ್ದು. ನಾಲ್ಕು ಕೂಡಿಸಿದ್ರ ಒಂದ ತೊಟ್ಟಿಲು ಅಷ್ಟೂ ಪಟ್ಟಿ ಜೊತಿ ಒಮ್ಮೆಲೆ ಮಾತಾಡಬೇಕು, ಸಂಕೇತ ಕಲಸಿ ಹೋಗ್ತಾವು. ತಪ್ಪ ಆಗಬಾರದು ಅಂತ ಅದು ತಾನಾ ವೇಗ ಇಳಿಸಿಕೊಂಡೈತಿ."

"ನಾಲ್ಕೂ ಇಟ್ಟು... ಓಡಸಾಕ ಬರೂದಿಲ್ಲೇನ್ರಿ?"

"ಯತ್ನ ಮಾಡಬಹುದು. ವೋಲ್ಟೇಜ್ ಸ್ವಲ್ಪ ಏರಿಸಿ, ಪಟ್ಟಿಗೆ ಉಸಿರಾಡಾಕ ಒಂದೀಟು ಬಿಡುವು ಕೊಟ್ಟು ನೋಡೋಣ. ಆದ್ರ ನಾ ಖಾತ್ರಿ ಕೊಡೂದಿಲ್ಲ."

ಅವರು ಯತ್ನ ಮಾಡಿದರು. ಕಿವಿಯ ಹಿಂದೆ ಬಿಸಿಯೇರಿತು. ಕೇಂದ್ರದ ಮೆಟ್ಟಿಲಿಳಿಯುವಾಗಲೇ ಫಕೀರೇಶ ಅಕ್ಕನಿಗೆ, ತಾವು ಬಂದ ಬಸ್ಸಿನ ನಂಬರು, ಕಂಡಕ್ಟರನ ಮೀಸೆ, ಹಿಂದಿನ ಸೀಟಿನ ಮುದುಕಿ ಚೀಲದಲ್ಲಿ ಕೋಳಿ ಬಚ್ಚಿಟ್ಟಿದ್ದು ಎಲ್ಲ ಒಂದೇ ಉಸಿರಿಗೆ ಹೇಳಿದ. ನೀಲವ್ವ ರಸ್ತೆಯಲ್ಲೇ ನಿಂತು ಕೈಮುಗಿದಳು.

ಆ ಸಂಜೆ ಮನೆ ಬೇರೆಯೇ ಮನೆಯಾಗಿತ್ತು. ಇಂಪನಾ ಕೇಳಿದ್ದಕ್ಕೆ ಅಪ್ಪ ತಟ್ಟನೆ ಹೇಳುತ್ತಿದ್ದ, ಹೇಳಿ ತಾನೇ ಮರುಪ್ರಶ್ನೆ ಹಾಕುತ್ತಿದ್ದ. ಮೂರು ವರ್ಷ ಅವಳು ಹೇಳಿದ್ದೆಲ್ಲ ಅವನಲ್ಲಿತ್ತು: ಜೋಯಾ ಪೆನ್ಸಿಲ್ ಮುರಿದದ್ದು, ಟೀಚರ್ ಬೈದದ್ದು, ಹಲ್ಲು ಬಿದ್ದ ದಿನ. "ಅಪ್ಪಾ, ನೀ ಎಲ್ಲಾ ಕೇಳ್ಕೋತಿದ್ದಿ?" ಎಂದು ಮಗು ಬೆರಗಾಗಿ ಕೇಳಿತು. "ಎಲ್ಲಾ ಕೇಳ್ಕೋತಿದ್ನೆವ್ವಾ. ನೀನs ನಿಂದರ್ತಿರಲಿಲ್ಲ," ಎಂದು ಅವನು ಅವಳನ್ನು ಹೆಗಲಿಗೇರಿಸಿಕೊಂಡ.

ಊಟಕ್ಕೆ ಕೂತರು. ನೀಲವ್ವ ಹೋಳಿಗೆ ಮಾಡಿದ್ದಳು. ಇಂಪನಾ ಎರಡನೆಯದಕ್ಕೆ ಕೈ ಚಾಚಿದಾಗ ಫಕೀರೇಶ ನಗುತ್ತಲೇ ತಡೆದ. "ಏ, ಎಲ್ಲಾ ನೀನs ತಿಂತಿ? ನಿಮ್ಮವ್ವಗ ಎರಡ ಎತ್ತಿ ಇಡು. ಡ್ಯೂಟಿ ಮುಗಿಸಿ ಬರೂದ್ರಾಗ ಹಸದಿರ್ತಾಳ."

ಇಂಪನಾ ಅತ್ತೆಯ ಮುಖ ನೋಡಿದಳು. ಮಗು ಮೆಲ್ಲಗೆ ತಟ್ಟೆಯಿಂದ ಹೋಳಿಗೆ ತೆಗೆದು ಡಬ್ಬಿಯಲ್ಲಿಟ್ಟಿತು, ಇನ್ನೊಂದನ್ನೂ ಇಟ್ಟಿತು, ಮುಚ್ಚಳ ಹಾಕಿತು.

"ತಮ್ಮಾ," ಎಂದಳು ನೀಲವ್ವ, "ಕಸ್ತೂರಿ ಹೋಗಿ ಮೂರು ವರ್ಷಾತು."

ಫಕೀರೇಶನ ನಗು ಮುಖದ ಮೇಲೆ ಹಾಗೇ ಉಳಿಯಿತು. ತಲೆಯೊಳಗೆ ಎರಡು ದಿನಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದರಲ್ಲಿ ಅವಳು ಚಪ್ಪಲಿ ಬಿಚ್ಚಿ ಒಳಗೆ ಬರುತ್ತಿದ್ದಳು, ಇನ್ನೊಂದರಲ್ಲಿ ಅವಳ ಮೇಲೆ ಮಣ್ಣು ಬೀಳುತ್ತಿತ್ತು. ಯಾವುದು ಇಂದಿನದು, ಯಾವುದು ಹಿಂದಿನದು ಅವನಿಗೆ ತಿಳಿಯಲಿಲ್ಲ. ಕಿವಿಯ ಹಿಂದೆ ಸುಡುತ್ತಿತ್ತು. ಕೈ ತೊಳೆಯಲು ಎದ್ದವನು ಬಚ್ಚಲ ಬಾಗಿಲಲ್ಲಿ ಸೆಟೆದು ಬಿದ್ದ.

ಮರುದಿನ ಡಾಕ್ಟರ್ ವಸುಧಾ ವೇಗವನ್ನು ಮೊದಲಿನಂತೆ ಇಳಿಸಿದರು. ಕಸ್ತೂರಿ ಸತ್ತದ್ದು ಸ್ಪಷ್ಟವಾಗಿ, ಸಾವಕಾಶವಾಗಿ ಫಕೀರೇಶನಿಗೆ ಮರಳಿ ಬಂತು. ಅವನಿಗೆ ಅದು ಎರಡನೆಯ ಸಲ.

"ಇನ್ನ ಒಂದ ದಾರಿ ಉಳದೈತಿ," ಎಂದರು ಡಾಕ್ಟರ್, ಹೇಳಲೋ ಬೇಡವೋ ಎಂಬಂತೆ. "ಒಂದ ಜೋಡಿ ತಗದ್ರ ಉಳದ ಜೋಡಿ ಡಬ್ಬಿ ಮ್ಯಾಲಿನ ವೇಗಕ್ಕ ಓಡ್ತೈತಿ. ಹೊಸಾ ಜೋಡಿ ತಗ್ಯಾಕ ಬರೂದಿಲ್ಲ, ಈಗ ಬರಕೊಳ್ಳೂದು ಅದರಾಗ. ಹಳೇದನ್ನ ತಗೀಬೇಕು."

"ಹಳೇದು ತಗದು ಇಟ್ಕೊಂಡು... ಬೇಕಾದಾಗ ಹಾಕಿದ್ರ?"

"ಪಟ್ಟಿ ಇಡಬಹುದು. ಆದ್ರ ಅದಕ್ಕ ಹೋದ ಮೆದುಳಿನ ಎಳಿ ಒಣಗಿ ಹೋಗ್ತಾವು. ಮತ್ತ ಹಾಕಿದ್ರ ಅದು ನಿಮಗ ಓದಾಕ ಬರದ ಲಿಪಿ. ಬ್ಯಾರೆ ಯಾವ ಯಂತ್ರಕ್ಕೂ ಓದಾಕ ಬರೂದಿಲ್ಲ."

"ಅದರಾಗಿಂದ... ಒಂದಿಷ್ಟರ... ಈ ಕಡೆ ತರಾಕ?"

ಡಾಕ್ಟರ್ ಇಲ್ಲವೆಂದು ತಲೆಯಾಡಿಸಿದರು. ಆ ಕೇಂದ್ರದಲ್ಲಿ ಕಸ್ತೂರಿಯನ್ನು ಬಲ್ಲವರಲ್ಲಿ ಅವರೂ ಒಬ್ಬರು. "ಅವಸರಿಲ್ಲ. ಹೀಂಗs ಇದ್ರೂ ಜೀವಕ್ಕ ಏನೂ ಧೋಕಾ ಇಲ್ಲ ನಿಮಗ," ಎಂದರು.

ಫಕೀರೇಶ ಬೇಡವೆಂದೇ ಮನೆಗೆ ಬಂದ. ಅಕ್ಕನಿಗೂ ಹಾಗೆಯೇ ಹೇಳಿದ. "ನಾ ಅಕಿನ್ನ... ಎರಡ ಸಲ ಮಣ್ಣು ಮಾಡೀನಿ. ಮೂರನೇದು... ನನ್ನ ಕೈಲೆ ಆಗೂದಿಲ್ಲ."

ಅಡುಗೆಮನೆಯಲ್ಲಿ ಅವರು ಮಾತಾಡಿದ್ದು ಇಂಪನಾಗೆ ಕೇಳಿಸಿತ್ತು. ಅವಳು ಬಂದು ಅಪ್ಪನ ಮೊಣಕಾಲು ಹಿಡಿದುಕೊಂಡಳು. "ಅವ್ವನ್ನ ತಗೀಬ್ಯಾಡಪ್ಪಾ. ನಾ ತಡೀತೀನಿ. ನೀ ಎಷ್ಟ ಹೊತ್ತ ಮಾಡಿದ್ರೂ ತಡೀತೀನಿ."

ಅಂದಿನಿಂದ ಅವಳು ಕಾಯತೊಡಗಿದಳು. ಪ್ರಶ್ನೆ ಕೇಳಿ, ಅಪ್ಪನ ಮುಂದೆ ಚಕ್ಕಳಮಕ್ಕಳ ಹಾಕಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಬೀದಿಯಲ್ಲಿ ಹುಡುಗಿಯರು ಹೆಸರು ಹಿಡಿದು ಕೂಗುತ್ತಿದ್ದರು. ಅವಳ ಕಣ್ಣು ಬಾಗಿಲ ಕಡೆ ಹೋಗಿ, ತಪ್ಪು ಮಾಡಿದಂತೆ ಬೆಚ್ಚಿ, ಅಪ್ಪನ ತುಟಿಗೆ ಮರಳುತ್ತಿತ್ತು. ಉತ್ತರ ಬಂದ ಮೇಲೆ ಕೇಳಿದ್ದೇನೆಂಬುದು ಅವಳಿಗೇ ಮರೆತಿರುತ್ತಿತ್ತು. ಆದರೂ "ಹೌದೇನಪ್ಪಾ?" ಎಂದು ನಗುತ್ತಿದ್ದಳು. ಆಟ ಬಿಟ್ಟಳು. ದೊಡ್ಡವರು ರೋಗಿಯ ಹತ್ತಿರ ಮಾತಾಡುವಂತೆ ಮೆತ್ತಗೆ ಮಾತಾಡುವುದನ್ನು ಕಲಿತಳು. ಏಳು ವರ್ಷದ ಕೂಸು.

ಫಕೀರೇಶ ಇದನ್ನು ಮಳೆಗಾಲ ಮುಗಿಯುವ ತನಕ ನೋಡಿದ. ಮಗಳು ಓಡಿಹೋಗುತ್ತಿದ್ದಾಗ ಆಗದಿದ್ದ ಸಂಕಟ ಅವಳು ಕೂತು ಕಾಯುವಾಗ ಆಯಿತು. ಒಂದು ಸಂಜೆ ಅವಳು ಹಾಗೆಯೇ ಕೂತಿದ್ದಾಗ ಉತ್ತರ ಹುಡುಕುವುದನ್ನೇ ಬಿಟ್ಟು ಅಂದ: "ಅಕ್ಕಾ, ನಾಳಿ ಹುಬ್ಬಳ್ಳಿಗೆ ಫೋನ್ ಹಚ್ಚು. ದೀಪಾವಳಿ ಆದ ಮ್ಯಾಲೆ ಅನ್ನು."

ದೀಪಾವಳಿಯವರೆಗೆ ದಿನಾ ಸಂಜೆ ಅವನು ಮಗಳಿಗೆ ಅವ್ವನ ಬಗ್ಗೆ ಹೇಳಿದ. ಒಂದೊಂದು ಮಾತಿಗೂ ಒಳಗೆ ಹೋಗಿ, ಎತ್ತಿಕೊಂಡು, ಹೊರಗೆ ಬರುತ್ತಿದ್ದ. ಕಸ್ತೂರಿ ಕೂದಲು ಒಣಗಿಸುವಾಗ ತಲೆ ಯಾವ ಕಡೆ ವಾಲಿಸುತ್ತಿದ್ದಳು. ಮೊದಲ ಸಲ ರೊಟ್ಟಿ ಬಡಿದಾಗ ಹೇಗೆ ಅತ್ತಳು, ಆ ರೊಟ್ಟಿಯನ್ನು ಎಮ್ಮೆಯೂ ಮೂಸಿ ನೋಡಿ ಬಿಟ್ಟಿತೆಂದು ಆಮೇಲೆ ಹೇಗೆ ನಕ್ಕಳು. ಇಂಪನಾ ಹುಟ್ಟಿದ ರಾತ್ರಿ "ಕಿವಿ ನಿಮ್ಮದs ಬಂದಾವ" ಎಂದದ್ದು. ಕೆಲವು ಸಂಜೆ ಇಂಪನಾ ಕಣ್ಣರಳಿಸಿ ಕೇಳಿದಳು, ಕೆಲವು ಸಂಜೆ ಅರ್ಧಕ್ಕೇ ಅವನ ತೊಡೆಯ ಮೇಲೆ ನಿದ್ದೆಹೋದಳು. ಅವನು ನಿಲ್ಲಿಸುತ್ತಿರಲಿಲ್ಲ. ನೀಲವ್ವ ಪಕ್ಕದಲ್ಲಿ ಕುಚ್ಚು ಕಟ್ಟುತ್ತ ಹೂಂಗುಡುತ್ತಿದ್ದಳು. ಒಮ್ಮೊಮ್ಮೆ ಅವನ ಮಾತು ನಡುವೆಯೇ ನಿಲ್ಲುತ್ತಿತ್ತು. ಪಟ್ಟಿಯ ತಡ ಯಾವುದು, ಅಳುವಿನ ತಡ ಯಾವುದು ಎಂದು ಅವಳಿಗೂ ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಗೆ ಹೊರಡುವ ಮುಂಜಾನೆ ಅವನು ಎಲ್ಲರಿಗಿಂತ ಮೊದಲು ಎದ್ದು ಹಿತ್ತಲಿನ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಚಹಾ ಆರುತ್ತದೆಂದು ಕರೆಯಲು ಹೋದ ನೀಲವ್ವ ಕರೆಯದೆ ಹಿಂದಿರುಗಿದಳು.

ಶಸ್ತ್ರಚಿಕಿತ್ಸೆ ದೊಡ್ಡದಲ್ಲ. ಎಚ್ಚರವಾದ ಮೇಲೆ ಡಾಕ್ಟರ್ ವಸುಧಾ ಕೇಳಿದರು, "ನಿನ್ನೆ ಏನು ಊಟ ಮಾಡೀರಿ?"

"ಅನ್ನ, ಬ್ಯಾಳಿ ಸಾರು, ಮೊಸರು. ಮೊಸರು ಹುಳಿ ಆಗಿತ್ರಿ ಡಾಕ್ಟರ," ಎಂದ ಫಕೀರೇಶ.

ಡಾಕ್ಟರ್ ಮುಖ ತಿರುಗಿಸಿ ಪರದೆ ನೋಡಿದರು. ಆರು ಸಾವಿರ, ಒಂದೂ ತಪ್ಪಿಲ್ಲ.

ಅವನು ಕಂಟ್ರೋಲ್ ರೂಮಿಗೆ ಮರಳಿದ. ದಾವಲಸಾಬ ಮೂರು ಬೆರಳಲ್ಲಿ ಚಹಾದ ಕಪ್ಪು ಹಿಡಿದು ಬಂದು, "ಈಗ ನಾ ಕೇಳೂದಕ್ಕಿಂತ ಮೊದಲ ಹೇಳ್ತಿ ಬಿಡಣ್ಣಾ," ಎಂದು ಬೆನ್ನು ತಟ್ಟಿದ. ಇಂಪನಾ ಶಾಲೆಯಿಂದ ಬಂದು ಚೀಲ ಎಸೆಯುವ ಮೊದಲೇ ಮಾತು ಶುರುಮಾಡುತ್ತಿದ್ದಳು. ಅಪ್ಪ ಮಗಳು ಜಗಳಾಡುವುದು ಬೀದಿಗೆಲ್ಲ ಕೇಳಿಸುತ್ತಿತ್ತು. ನೀಲವ್ವನಿಗೆ ಆ ಗದ್ದಲ ಕೇಳಿ ಹೊಟ್ಟೆ ತಣ್ಣಗಾಗುತ್ತಿತ್ತು.

ಪಡಸಾಲೆಯ ಗೋಡೆಯ ಮೇಲೆ ಕಸ್ತೂರಿಯ ಫೋಟೊ ಇತ್ತು. ಫಕೀರೇಶ ಅದರ ಮುಂದೆ ನಿಲ್ಲುತ್ತಿದ್ದ. ಫೋನಿನಲ್ಲಿದ್ದ ವಿಡಿಯೋಗಳನ್ನೂ ನೋಡುತ್ತಿದ್ದ. ಒಂದು ಭಾನುವಾರ ಅಕ್ಕನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ಅಕ್ಕಾ, ದೀಪಾವಳಿಗಿಂತ ಮೊದಲ ಇಲ್ಲೆ ಕುಂತು ನಾ ಅತ್ತಿದ್ದು ನೆನಪೈತಿ. ಹೇಳಿದ ಮಾತೂ ನೆನಪದಾವ. ಯಾರ ಸಲುವಾಗಿ ಅತ್ನಿ ಅನ್ನೂದು ಗೊತ್ತೈತಿ. ಅಕಿ ನೆನಪಿಲ್ಲ." ಅವನ ದನಿಯಲ್ಲಿ ಅಳು ಇರಲಿಲ್ಲ. "ಅಳು ಬಂದ್ರ ಚೊಲೊ ಇತ್ತು. ಕುಂತ ಪ್ರಯತ್ನ ಮಾಡ್ತೀನಿ, ಬರವಲ್ದು."

ನೀಲವ್ವ ಅವನ ಕೈ ಹಿಡಿದು ಕೂತಳು. ಅವನಿಗಾಗಿ ಅವಳೇ ಅತ್ತಳು.

ಸಂಕ್ರಾಂತಿ ಹತ್ತಿರ ಬಂದಾಗ ಒಂದು ಸಂಜೆ ಇಂಪನಾ ಎಳ್ಳು ಆರಿಸುತ್ತ ಕೂತವಳು ಕೇಳಿದಳು. "ಅಪ್ಪಾ, ಅವ್ವಗ ಸಿಟ್ಟು ಬಂದ್ರ ಏನ ಮಾಡ್ತಿದ್ಲು?"

"ಗೊತ್ತಿಲ್ಲವ್ವಾ."

ಉತ್ತರ ಅಷ್ಟು ಬೇಗ ಬಂದದ್ದಕ್ಕೆ ಮಗು ಬೆಚ್ಚಿತು. ಮೊದಲೆಲ್ಲ ಅವ್ವನ ಬಗ್ಗೆ ಕೇಳಿದಾಗ ಅಪ್ಪನ ಕಣ್ಣು ಎಲ್ಲಿಗೋ ಹೋಗುತ್ತಿದ್ದವು. ಈಗ ಅವು ಎಲ್ಲಿಗೂ ಹೋಗಲಿಲ್ಲ, ಅವಳ ಮುಖದ ಮೇಲೇ ಇದ್ದವು. ಇಂಪನಾ ತಲೆ ತಗ್ಗಿಸಿ ಎಳ್ಳಿನಲ್ಲಿ ಬೆರಳಾಡಿಸಿದಳು. ಆಮೇಲೆ ತಲೆಯೆತ್ತಿದಳು.

"ನಾ ಹೇಳ್ಲಿ? ಸಿಟ್ಟು ಬಂದ್ರ ಸ್ಕೂಟಿ ತಗೊಂಡು ಗುಡ್ಡಕ್ಕ ಹೋಗಿಬಿಡ್ತಿದ್ಲು. ಜೋರ! ನನ್ನ ಮುಂದ ನಿಂದರಿಸ್ಕೊಂಡು. ಗಾಳಿಗೆ ಅಕಿ ಸೆರಗು ಹಿಂಗs ಹಾರತಿತ್ತು."

ನೀಲವ್ವ ದಾರ ಹಿಡಿದ ಕೈ ನಿಲ್ಲಿಸಿದಳು. ಕಸ್ತೂರಿಗೆ ಸ್ಕೂಟಿ ಹೊಡೆಯಲು ಬರುತ್ತಿರಲಿಲ್ಲ. ಹಿಂದೆ ಕೂರುವುದಕ್ಕೂ ಹೆದರುತ್ತಿದ್ದ ಹುಡುಗಿ ಅದು. ಹೇಳಲೆಂದು ಬಾಯಿ ತೆರೆದಳು. ತಮ್ಮನ ಮುಖ ನೋಡಿ ಮುಚ್ಚಿಕೊಂಡಳು.

ಫಕೀರೇಶ ಮುಂದಕ್ಕೆ ಬಾಗಿ, ಗೊತ್ತಿಲ್ಲದ ಊರಿನ ಸುದ್ದಿ ಕೇಳುವವನಂತೆ ಕೇಳುತ್ತಿದ್ದ.

"ಹೌದಾ? ಆಮ್ಯಾಲೆ?" ಎಂದ.